ಯಾವ ಖಾನೆಯಲ್ಲಿ ನೋಡಿದಿರಿ?

ಕಳೆದ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಬೆಟಗೇರಿಯ ಒಂದು ಸಣ್ಣ ಕೋಣೆಯಲ್ಲಿ ಕುಳಿತು, ಲಿನಕ್ಸ್ ತಂತ್ರಾಂಶಗಳ ಪಟ್ಟಿಯಿರುವ ಜಾಲತಾಣವೊಂದರ ಹುಡುಕು ಪೆಟ್ಟಿಗೆಯಲ್ಲಿ ನಾನು ಮೂರು ಪದಗಳನ್ನು ಟೈಪಿಸಿದೆ. ಉತ್ತರ ಬರಲು ಎರಡು ಸೆಕೆಂಡು ಹಿಡಿಯಿತು. ಯಾವ ಫಲಿತಾಂಶವೂ ಇಲ್ಲ ಎಂದಿತು.

ಗಂಟೆ ನಿಮಿಷಗಳನ್ನು ಇಷ್ಟು ಖಚಿತವಾಗಿ ಹೇಳುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು. ಪತ್ರಿಕೆಯ ಸುದ್ದಿಮೇಜಿನ ಮುಂದೆ ಆಯುಷ್ಯದ ಬಹುಪಾಲು ಕಳೆದವನಿಗೆ ಅಂಟುವ ಕಾಯಿಲೆಗಳಲ್ಲಿ ಇದೂ ಒಂದು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ನಾನು ಮೊದಲು ಗಡಿಯಾರ ನೋಡುತ್ತೇನೆ, ಆಮೇಲೆ ಒಲೆ ಆರಿಸುತ್ತೇನೆ ಎಂಬುದು ಮಡದಿಯ ಆರೋಪ. ಆರೋಪವನ್ನು ನಾನು ನಿರಾಕರಿಸಿಲ್ಲ. ಸಮಯದ ಬಗ್ಗೆ ಮಾತ್ರ ಅವಳಲ್ಲಿ ಸ್ಪಷ್ಟೀಕರಣ ಕೇಳಿದ್ದೇನೆ.

ಕೋಣೆ ಗಿರಿಜಕ್ಕನದು. ಅರವತ್ತು ದಾಟಿದ ಈ ಹೆಣ್ಣುಮಗಳು ಒಂದು ಕಾಲದಲ್ಲಿ ಗದಗಿನ ಮುದ್ರಣಾಲಯವೊಂದರಲ್ಲಿ ಕಂಪೋಜಿಟರ್ ಆಗಿದ್ದರು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು, ಬಲದಿಂದ ಎಡಕ್ಕೆ ತಿರುಗಿ ನಿಂತ ಅಕ್ಷರಗಳನ್ನು ಸಾಲಾಗಿ ಕೂಡಿಸುವ ಕೆಲಸ. ಹೊಸದಾಗಿ ಪತ್ರಿಕೆ ಸೇರಿದ್ದ ನಾನು ವಾರಕ್ಕೊಮ್ಮೆ ವಿಶೇಷ ಪುಟದ ಪ್ರೂಫು ತರಲು ಅಲ್ಲಿಗೆ ಹೋಗುತ್ತಿದ್ದೆ. ಮೊಳೆಗಳ ಕಾಲ ಮುಗಿದಾಗ ಅವರ ಜೊತೆಯವರು ಬೇರೆ ಬೇರೆ ಕಸುಬು ಹಿಡಿದರು. ಗಿರಿಜಕ್ಕ ಮಾತ್ರ ಕಂಪ್ಯೂಟರ್ ಕೀಲಿಮಣೆಯ ಮುಂದೆ ಕುಳಿತು, ಲಗ್ನಪತ್ರಿಕೆ, ಶ್ರದ್ಧಾಂಜಲಿ, ಗೃಹಪ್ರವೇಶದ ಕರೆಯೋಲೆಗಳನ್ನು ಜೋಡಿಸುತ್ತ ತಮ್ಮ ಅಕ್ಷರದ ಬದುಕನ್ನು ಮುಂದುವರಿಸಿದರು.

ಬಿಡುವಿನಲ್ಲಿ ಅವರು ಇನ್ನೊಂದು ಕೆಲಸ ಮಾಡುತ್ತಿದ್ದರು. ಬೆಟಗೇರಿಯ ನೇಕಾರ ಓಣಿಗಳಲ್ಲಿ ಮನೆಮನೆಗೆ ಹೋಗಿ, ನೆಲದ ಗುಂಡಿಗೆ ಕಾಲಿಳಿಸಿ ನೇಯುವ ಕುಣಿಮಗ್ಗದ ಮುಂದೆ ಜೀವ ಸವೆಸಿದ ಹೆಂಗಸರ ಬಾಯಿಂದ ಮಗ್ಗದ ಮಾತುಗಳನ್ನು ಬರೆದುಕೊಂಡು ಬರುವುದು. ಲಾಳಿ, ಹಣಿಗೆ, ಕಂಡಿಕೆಗಳಂಥ, ನೇಕಾರರೆಲ್ಲರಿಗೂ ಗೊತ್ತಿರುವ ಸಲಕರಣೆಗಳ ಹೆಸರುಗಳಷ್ಟೇ ಅಲ್ಲ. ಎಳೆ ಕಡಿದಾಗ ಹಾಕುವ ಗಂಟಿಗೆ ಏನನ್ನುತ್ತಾರೆ, ಗಂಜಿ ಹೆಚ್ಚಾಗಿ ಒರಟಾದ ಹಾಸನ್ನು, ಅಂದರೆ ಮಗ್ಗದ ಉದ್ದೆಳೆಗಳನ್ನು, ಹೇಗೆ ಬೈಯುತ್ತಾರೆ, ಸೀರೆಯಂಚಿನ ದಡಿ ಚೆನ್ನಾಗಿ ಬಂದಾಗ ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ ಎಂಬುದೆಲ್ಲ ಸೇರಿ ಅದೊಂದು ಪದಕೋಶವಾಗಿತ್ತು. ಆರು ವರ್ಷದ ಕೆಲಸ. ಕಂಪ್ಯೂಟರಿನಲ್ಲಿ ಹದಿನಾಲ್ಕು ಕಡತಗಳು.

ಮಳೆಗಾಲದ ಒಂದು ಸಿಡಿಲಿಗೆ ಆ ಕಂಪ್ಯೂಟರ್ ಸತ್ತಿತು. ಕಡತಗಳು ಪೆನ್‌ಡ್ರೈವಿನಲ್ಲಿ ಬದುಕಿದ್ದವು. ನಮ್ಮ ಕಚೇರಿಯಲ್ಲಿ ನಿವೃತ್ತವಾಗಿದ್ದ ಒಂದು ಯಂತ್ರವನ್ನು ನಾನು ಕೇಳಿ ತಂದು ಅವರ ಮೇಜಿನ ಮೇಲಿಟ್ಟೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ಹತ್ತಾರು ಕಚೇರಿಗಳ ಕಂಪ್ಯೂಟರುಗಳಿಗೆ ವೈದ್ಯನಾಗಿರುವ ಮುಂಡರಗಿಯ ಮಂಜುನಾಥ ಅದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಟ್ಟ. ಮುದಿ ಯಂತ್ರಕ್ಕೆ ಹಗುರವಾದ ಅನ್ನ ಬೇಕು ಎಂಬುದು ಅವನ ಸಿದ್ಧಾಂತ. ಯಂತ್ರವೇನೋ ಲಗುಬಗೆಯಿಂದ ಎದ್ದು ಕುಳಿತಿತು. ಆದರೆ ಕಡತ ತೆರೆದಾಗ ಕನ್ನಡ ಇರಲಿಲ್ಲ. ಇಂಗ್ಲಿಷಿನ ಚೂರುಗಳು, ಉದ್ಗಾರ ಚಿಹ್ನೆಗಳು, ಯಾವ ನಾಡಿನವೋ ತಿಳಿಯದ ಕೊಂಬು ಬಾಲದ ಅಕ್ಷರಗಳು ಸಾಲಾಗಿ ನಿಂತಿದ್ದವು.

ಕಾರಣ ಸರಳ. ಗಿರಿಜಕ್ಕ ಬಳಸುತ್ತಿದ್ದುದು ಹಳೆಯ ಕಾಲದ, ಬಾಗಿಲು ಮುಚ್ಚಿದ ಯಾವುದೋ ಸಣ್ಣ ಸಂಸ್ಥೆಯ ಅಕ್ಷರಶೈಲಿ. ಇಂದಿನ ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ಆ ಸಂಸ್ಥೆಯವರು ತಮಗೆ ತೋಚಿದ ಸಂಖ್ಯೆಗೆ ತಮಗೆ ತೋಚಿದ ಅಕ್ಷರ ಕೂರಿಸಿದ್ದರು. ಆ ಅಕ್ಷರಶೈಲಿ ಇದ್ದದ್ದು ಸಿಡಿಲಿಗೆ ಸತ್ತ ಯಂತ್ರದಲ್ಲಿ ಮಾತ್ರ. ಪ್ರಸಿದ್ಧ ಅಕ್ಷರಶೈಲಿಗಳನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳು ಬೇಕಾದಷ್ಟಿವೆ. ಅವುಗಳಲ್ಲಿ ನಾಲ್ಕನ್ನು ಪ್ರಯತ್ನಿಸಿದೆವು. ಒಂದು ಲಾಳಿಯನ್ನು ಣೂಖ ಎಂದು ಓದಿತು. ಇನ್ನೊಂದು ಏನನ್ನೂ ಓದದೆ ಕೆಲಸ ಯಶಸ್ವಿಯಾಗಿ ಮುಗಿಯಿತೆಂದು ವರದಿ ಮಾಡಿತು. ಅಂಥ ಉಪಸಂಪಾದಕರನ್ನು ನಾನು ಕಂಡಿದ್ದೇನೆ.

ಇಲ್ಲಿ ಓದುಗರು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಮನೆಮನೆಗೆ ಹೋಗಿ ಬರೆದುಕೊಂಡ ನೋಟುಪುಸ್ತಕಗಳು ಎಲ್ಲಿ? ಈ ಪ್ರಶ್ನೆಯನ್ನು ನಾನೂ ಕೇಳಿದೆ. ಗಿರಿಜಕ್ಕ, ಹರಿದೆ ಎಂದರು. ಕಂಪೋಜಿಟರರ ರೂಢಿ ಅದು. ಪುಟ ಜೋಡಣೆಯಾಯಿತು, ಪ್ರೂಫು ತಿದ್ದಿ ಮುಗಿಯಿತು ಎಂದರೆ ಹಸ್ತಪ್ರತಿಯ ಹಂಗು ಮುಗಿಯಿತು. ಅಚ್ಚಾದ ಮೇಲೆ ಮೊಳೆಗಳನ್ನೂ ಬಿಚ್ಚಿ ಮತ್ತೆ ಖಾನೆಗಳಿಗೆ ಹಾಕಬೇಕು, ಮೇಜು ಖಾಲಿಯಾಗಬೇಕು. ಹಳೆಯದನ್ನು ಇಟ್ಟುಕೊಂಡವನು ಹೊಸದನ್ನು ಜೋಡಿಸಲಾರ. ಮೂವತ್ತು ವರ್ಷ ಕೈಗೆ ಕಲಿಸಿದ ಪಾಠವನ್ನು ಕೈ ಮರೆಯಲಿಲ್ಲ. ಒಂದೊಂದು ಪುಟ ಕಂಪ್ಯೂಟರಿಗೆ ಏರಿದಂತೆ, ತಿದ್ದಿ ಮುಗಿದಂತೆ, ಗಿರಿಜಕ್ಕ ಆ ಹಾಳೆಯನ್ನು ನೀಟಾಗಿ ಹರಿದು ಬುಟ್ಟಿಗೆ ಹಾಕಿದ್ದರು. ಆರು ವರ್ಷ, ಒಂದು ಹಾಳೆಯೂ ತಪ್ಪದಂತೆ. ನಾನು ನಗಲಿಲ್ಲ. ಅಚ್ಚಾದ ವರದಿಯ ಕೈಬರಹವನ್ನು ಸಂಜೆಗೆ ಮುದುಡಿ ಎಸೆಯುವ ಮನೆತನದಿಂದಲೇ ನಾನೂ ಬಂದವನು.

ಹೀಗಾಗಿ ಪದಕೋಶವೆಂದರೆ ಆ ಹದಿನಾಲ್ಕು ಕಡತಗಳು ಮಾತ್ರ. ಅದರ ಅರ್ಥವನ್ನು ನನಗೆ ಮನದಟ್ಟು ಮಾಡಿದವರು ಹನುಮವ್ವ. ಪಕ್ಕದ ಓಣಿಯ ಈ ಮುದುಕಿ ಮದುವೆಯಾಗಿ ಬಂದ ದಿನದಿಂದ ಮಗ್ಗದ ಮುಂದೆ ಕುಳಿತವರು. ಅವರು ಹೇಳಿದ ಮಾತುಗಳೇ ಎರಡು ಕಡತಗಳಷ್ಟಿವೆ. ಯಂತ್ರ ಕೆಟ್ಟ ಸುದ್ದಿ ಕೇಳಿ ಕೋಲೂರಿಕೊಂಡು ಬಂದು ಹೊಸ್ತಿಲ ಮೇಲೆ ಕುಳಿತರು.

“ಏ ಗಿರಿಜಾ, ನನ್ನ ಮಾತು ಎಲ್ಲಿಟ್ಟಿ? ಹಾಸಿನ ಎಳಿ ಎಳದಂಗ ಬಾಯಾಗಿಂದ ಎಳಕೊಂಡು ಹೋದಿ. ಈಗ ಪೆಟ್ಟಿಗ್ಯಾಗ ಅದಾವ, ಕಾಣಂಗಿಲ್ಲ ಅಂತಿ. ಏನ್ ಹಂಗಂದ್ರ?”

“ಅದಾವ ಚಿಗವ್ವಾ. ಎಲ್ಲೂ ಹೋಗಿಲ್ಲ. ಕೀಲಿಕೈ ಕಳದೈತಿ ಅಷ್ಟ.”

“ಕೀಲಿಕೈ ಕಳದ್ರ ಕೀಲಿ ಮಾಡಾವನ್ನ ಕರಿ. ಈ ಪೇಪರಿನ ತಮ್ಮನ್ನ ಯಾಕ ಕುಂದ್ರಿಸಿಕೊಂಡಿ? ಇವ ನಿನ್ನೀದ ಇವತ್ತ ಹೇಳಾವ.”

ನಾನು ಈ ವಿಮರ್ಶೆಯನ್ನು ವಿನಯದಿಂದ ಸ್ವೀಕರಿಸಿ, ಎಲ್ಲರನ್ನೂ ಮತ್ತೊಮ್ಮೆ ಕೇಳಿ ಬರೆದುಕೊಳ್ಳಬಹುದಲ್ಲ ಎಂದೆ. ಹನುಮವ್ವ ಕೋಲನ್ನು ನನ್ನತ್ತ ತಿರುಗಿಸಿದರು. “ನನ್ನವು ನಾ ಹೇಳೇನು ತಮ್ಮಾ. ತುಳಸವ್ವನ್ವು ಯಾರ ಹೇಳ್ತಾರ?” ಅಂದರು. ಹನುಮವ್ವನಂತೆಯೇ ಮಾತು ಬರೆಸಿದ್ದ ತುಳಸವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಮಾತು ಬರೆಸಿದವರ ಪೈಕಿ ಇನ್ನೂ ಮೂವರು ಈಗ ಇಲ್ಲ. ಗಿರಿಜಕ್ಕ ಎದ್ದು ಚಹಾ ಇಡಲು ಒಳಗೆ ಹೋದರು.

ಮಂಜುನಾಥನಿಗೆ ಒಂದು ನೆನಪಿತ್ತು. ಲಕ್ಷ್ಮೇಶ್ವರದ ಗಿರಾಕಿಯೊಬ್ಬರ ಹಳೆಯ ಕಂಪ್ಯೂಟರಿನಲ್ಲಿ ಅವನು ಒಂದು ಪುಟ್ಟ ಸಾಧನ ನೋಡಿದ್ದ. ಅದು ತಾನಾಗಿ ಏನನ್ನೂ ಊಹಿಸುವುದಿಲ್ಲ. ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬ ಕೋಷ್ಟಕವನ್ನು ನಾವೇ ಬರೆದುಕೊಟ್ಟರೆ, ಅದರ ಪ್ರಕಾರ ಕಡತವನ್ನೆಲ್ಲ ತಿರುಗಿಸಿಕೊಡುತ್ತದೆ. ಹೆಸರು ಮಾತ್ರ ನೆನಪಿಲ್ಲ. ಆ ಗಿರಾಕಿ ಊರು ಬಿಟ್ಟಿದ್ದರು. ಲಿನಕ್ಸಿನ ಪ್ಯಾಕೇಜುಗಳ ತಾಣದಲ್ಲಿ ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂದು ಅವನು ಧೈರ್ಯ ಕೊಟ್ಟ.

ಪ್ಯಾಕೇಜುಗಳ ತಾಣವೆಂದರೇನು ಎಂದು ತಿಳಿಯದವರಿಗಾಗಿ ಎರಡು ಮಾತು. ಲಿನಕ್ಸ್ ಬಳಸುವವರು ತಂತ್ರಾಂಶವನ್ನು ಸಿಕ್ಕ ಸಿಕ್ಕ ಅಂಗಡಿಯಿಂದ ತರುವುದಿಲ್ಲ. ಸಾವಿರಾರು ಸ್ವಯಂಸೇವಕರು ಒಂದೊಂದನ್ನೂ ಪರೀಕ್ಷಿಸಿ, ಕಟ್ಟಿ, ಚೀಟಿ ಅಂಟಿಸಿ ಒಂದು ದೊಡ್ಡ ಉಗ್ರಾಣದಲ್ಲಿ ಇಟ್ಟಿರುತ್ತಾರೆ. ಚೀಟಿಯ ಮೇಲೆ ಅದರ ಕೆಲಸವೇನು, ತೂಕವೆಷ್ಟು, ಯಾರ ಜೊತೆ ಸೇರುತ್ತದೆ, ಯಾರ ಜೊತೆ ಜಗಳವಾಡುತ್ತದೆ, ಆರೈಕೆ ಮಾಡುವವರು ಯಾರು ಎಂಬುದೆಲ್ಲ ಬರೆದಿರುತ್ತದೆ. ನಮ್ಮಲ್ಲಿ ವರ ನೋಡಲು ಹೋದವರಿಗೂ ಇಷ್ಟು ಪ್ರಾಮಾಣಿಕವಾದ ಮಾಹಿತಿ ಸಿಗುವುದಿಲ್ಲ. ಇದನ್ನೆಲ್ಲ ಬಿಟ್ಟಿಯಾಗಿ ಮಾಡುತ್ತಾರೆ ಎಂದು ಮಂಜುನಾಥ ಹೇಳಿದಾಗ, ಎರಡು ಕಡೆಯಿಂದ ಖಚಿತಪಡಿಸಿಕೊಳ್ಳದೆ ನಾನು ನಂಬಲಿಲ್ಲ. ಖಚಿತವಾಯಿತು.

ಉಗ್ರಾಣ ಅದ್ಭುತವೇ. ತೊಂದರೆಯಿರುವುದು ಅದರ ಬಾಗಿಲಲ್ಲಿ ಕುಳಿತ ಹುಡುಕು ಪೆಟ್ಟಿಗೆಯಲ್ಲಿ. ಮೊದಲ ಸಲ ನಾನು ಇಂಗ್ಲಿಷಿನಲ್ಲಿ ‘ಕನ್ನಡ’ ಎಂದಷ್ಟೇ ಟೈಪಿಸಿದೆ. ಅಕಾರಾದಿಯಾಗಿ ಒಂದು ಮೆರವಣಿಗೆ ಹೊರಟಿತು: ಕಚೇರಿ ತಂತ್ರಾಂಶಕ್ಕೆ ಕನ್ನಡ, ಬ್ರೌಸರಿಗೆ ಕನ್ನಡ, ಮಕ್ಕಳ ಆಟಕ್ಕೆ ಕನ್ನಡ, ಕಾಗುಣಿತ ತಿದ್ದುವುದಕ್ಕೆ ಕನ್ನಡ, ಪ್ರತಿಯೊಂದರ ಕೆಳಗೆ ಅದೇ ಸರಕು ಆರೇಳು ಬಗೆಯ ಯಂತ್ರಗಳಿಗೆ ಮತ್ತೆ ಮತ್ತೆ. ಯಾವುದು ನನಗೆ ಬೇಕಾಗಿರಬಹುದು ಎಂಬ ಕುತೂಹಲ ಆ ಪೆಟ್ಟಿಗೆಗೆ ಇದ್ದಂತೆ ಕಾಣಲಿಲ್ಲ. ಎರಡನೆಯ ಸಲ ‘ಪರಿವರ್ತನೆ’ ಎಂಬರ್ಥದ ಪದ ಹಾಕಿದೆ. ನಿಮ್ಮ ಹುಡುಕಾಟ ತೀರಾ ವಿಶಾಲವಾಗಿದೆ, ಪೂರ್ತಿ ತಾಳೆಯಾದವನ್ನಷ್ಟೇ ತೋರಿಸುತ್ತೇವೆ, ಉಳಿದವನ್ನು ಬಿಟ್ಟಿದ್ದೇವೆ ಎಂದಿತು. ಬಿಟ್ಟವುಗಳಲ್ಲಿಯೇ ನನ್ನದಿದ್ದರೆ?

ಇಲ್ಲಿ ನನಗೆ ಶಿರಹಟ್ಟಿ ನೆನಪಾಯಿತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಿವಪ್ಪ ಎಂಬುವರನ್ನು ಭೇಟಿಯಾಗಿ ಬಾ ಎಂದು ಸಂಪಾದಕರು ನನ್ನನ್ನು ಆ ಊರಿಗೆ ಕಳಿಸಿದ್ದರು. ಬಸ್ಸಿಳಿದು ಚಹಾದ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವ ಸಕ್ಕರೆ ಕಲಕುತ್ತಲೇ ಕೇಳಿದ: “ಯಾ ಶಿವಪ್ಪರಿ? ಮಾತಾಡಾಂವನೋ, ಮಾತಾಡ್ಸಿಕೊಳ್ಳಾಂವನೋ?” ನಾನು ತಬ್ಬಿಬ್ಬಾದೆ. ನಾನು ಪೇಪರಿನವನು ಎಂದೆ. “ಹಂಗಾದ್ರ ಮಾತಾಡಾಂವ. ಹಿಂದಿನ ಓಣ್ಯಾಗ ಬೇವಿನ ಗಿಡದ ಕಟ್ಟಿ ಮ್ಯಾಲ ಅದಾನ. ಇನ್ನೊಬ್ಬಾಂವ ಸಿಕ್ರ ಚಾ ಕುಡಿಸಿ ಕಳಸ್ತಾನ, ಸುದ್ದಿ ಕೊಡಂಗಿಲ್ಲ,” ಎಂದು ದಾರಿ ತೋರಿಸಿದ. ಊರಿನ ಶಿವಪ್ಪಗಳನ್ನೆಲ್ಲ ಅಕಾರಾದಿಯಾಗಿ ನನ್ನೆದುರು ನಿಲ್ಲಿಸುವುದು ಅವನಿಂದ ಆಗದ ಕೆಲಸವಲ್ಲ. ಅವನು ಮಾಡಲಿಲ್ಲ. ಹುಡುಕುವವನು ಯಾರು ಎಂದು ಮೊದಲು ತಿಳಿದುಕೊಂಡ.

ಮೂರನೆಯ ಸಲ ನಾನು ಮೂರು ಪದಗಳನ್ನು ಜೋಡಿಸಿ ಬಲು ಖಚಿತವಾಗಿ ಕೇಳಿದೆ. ಅಕ್ಷರ, ಕೋಷ್ಟಕ, ಪರಿವರ್ತನೆ ಎಂಬರ್ಥದ ಮೂರು ಇಂಗ್ಲಿಷ್ ಪದಗಳು. ಆರಂಭದಲ್ಲಿ ಹೇಳಿದ ಹನ್ನೊಂದೂ ಹತ್ತರ ಉತ್ತರ ಬಂದದ್ದು ಆಗ. ಯಾವ ಫಲಿತಾಂಶವೂ ಇಲ್ಲ.

ಶಿರಹಟ್ಟಿಯ ಯಾವುದೋ ಕಚೇರಿಯಲ್ಲಿದ್ದ ಮಂಜುನಾಥನಿಗೆ ಫೋನು ಮಾಡಿದೆ. ಅವನ ತೀರ್ಪು ಚಿಕ್ಕದಾಗಿತ್ತು: “ಸೈಟನ್ಯಾಗ ಇಲ್ಲಂದ್ರ ಇಲ್ರಿ ಸರ್ರ. ತಗದು ಒಗದಿರಬೇಕು. ಬ್ಯಾರೆ ಏನರ ನೋಡೂಣ್ರಿ.” ಎರಡು ಮೂಲಗಳು ಒಂದೇ ಮಾತು ಹೇಳಿದಂತಾಯಿತು. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ದಿನ, ವೇಳೆ ಹಾಕಿ, ‘ಲಭ್ಯವಿಲ್ಲ’ ಎಂದು ಬರೆದು ಕೆಳಗೊಂದು ಗೆರೆ ಎಳೆದೆ. ಗೆರೆ ಎಳೆಯುವುದರಲ್ಲಿ ಒಂದು ಬಗೆಯ ಸುಖವಿದೆ.

ಆ ಸುಖದ ಬೆಲೆ ನನಗೆ ಗೊತ್ತಿರಬೇಕಿತ್ತು. ಹಿಂದೊಮ್ಮೆ ಬೆಳ್ಳಟ್ಟಿಗೆ ಹೋಗಿ, ಊರಿನಲ್ಲಿ ಓದುವ ಕೋಣೆ ಇಲ್ಲ ಎಂದು ವರದಿ ಮಾಡಿದ್ದೆ. ಬೀಗ ಹಾಕಿದ ಕೋಣೆಯನ್ನು ಕಣ್ಣಾರೆ ಕಂಡಿದ್ದೆ, ಪಕ್ಕದಲ್ಲಿ ನಿಂತವರನ್ನು ಕೇಳಿದ್ದೆ. ಮರುದಿನ ಊರಿನ ಆರು ಜನ ಕಚೇರಿಗೆ ಬಂದರು. ಜಗಳವಾಡಲು ಬಂದಿರಲಿಲ್ಲ. ಓದುವ ಕೋಣೆಯಿಂದ ಒಂದು ಪುಸ್ತಕ ಎರವಲು ತಂದು, ಓದಿ ಹಿಂದಿರುಗಿಸಬೇಕೆಂದು ನನ್ನ ಮೇಜಿನ ಮೇಲಿಟ್ಟು ಹೋದರು. ಕೋಣೆ ಹಿಂದಿನ ಬೀದಿಗೆ ಸ್ಥಳಾಂತರವಾಗಿತ್ತು. ತಿದ್ದುಪಡಿ ಮೂರನೆಯ ಪುಟದ ಕೆಳಗೆ ಅಚ್ಚಾಯಿತು. ಪುಸ್ತಕ ಹಿಂದಿರುಗಿಸಲು ಹೋದಾಗ ಚಹಾ ಸಿಕ್ಕಿತು, ಉಪದೇಶ ಸಿಗಲಿಲ್ಲ. ಅದೇ ಹೆಚ್ಚು ನಾಟಿತು.

ಗಿರಿಜಕ್ಕ ಚಹಾದ ಬಟ್ಟಲು ನನ್ನ ಮುಂದಿಟ್ಟು, ನನ್ನ ಪುಸ್ತಕದ ಗೆರೆಯನ್ನು ನೋಡಿದರು.

“ಇಲ್ಲ ಅಂತ ಬರದೀರೇನ್ರಿ?”

“ಹೌದಕ್ಕ. ಇಲ್ಲ.”

“ಯಾವ ಖಾನ್ಯಾಗ ನೋಡೀರಿ?”

ಈ ಪ್ರಶ್ನೆಯ ಕುಲಗೋತ್ರ ಹೇಳಬೇಕು. ಕಂಪೋಜಿಟರ್ ಮುಂದೆ ಇಳಿಜಾರಾಗಿ ನಿಲ್ಲಿಸಿದ ಮರದ ತಟ್ಟೆಗಳಲ್ಲಿ ಸಣ್ಣ ಸಣ್ಣ ಖಾನೆಗಳಿರುತ್ತವೆ. ಒತ್ತಕ್ಷರ, ಕಾಗುಣಿತಗಳ ದೆಸೆಯಿಂದ ಕನ್ನಡಕ್ಕೆ ಅಂಥ ಖಾನೆಗಳು ನೂರಾರು. ಅಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಕೂರುವುದಿಲ್ಲ. ಹೆಚ್ಚು ಬೇಕಾಗುವವು ಕೈಯ ಸಮೀಪ, ದೊಡ್ಡ ಖಾನೆಗಳಲ್ಲಿ. ವರ್ಷಕ್ಕೊಮ್ಮೆ ಬೇಕಾಗುವವು ಮೂಲೆಯಲ್ಲಿ. ಕೆಲಸ ಮುಗಿದ ಮೇಲೆ ಮೊಳೆಗಳನ್ನು ಬಿಚ್ಚಿ ಹಾಕುವಾಗ ಕೈತಪ್ಪಿ ಒಂದು ಮೊಳೆ ಪಕ್ಕದ ಖಾನೆಗೆ ಬಿದ್ದರೆ, ಅದು ಮುದ್ರಣಾಲಯದಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಆದ್ದರಿಂದ ಗಿರಿಜಕ್ಕನಿಗೆ ಕೆಲಸ ಕಲಿಸಿದ ಹಿರಿಯರು ಒಂದು ಕಟ್ಟಳೆ ಮಾಡಿದ್ದರಂತೆ: ಮೊಳೆ ಇಲ್ಲ ಎಂದು ಯಾರೂ ಹೇಳಕೂಡದು. ಯಾವ ಯಾವ ಖಾನೆ ನೋಡಿದೆ ಎಂದಷ್ಟೇ ಹೇಳಬೇಕು. ನೋಡದ ಖಾನೆ ಉಳಿದಿರುವ ತನಕ ಹುಡುಕಾಟ ಮುಗಿದಿಲ್ಲ.

ಯಾವ ಖಾನೆಯಲ್ಲಿ ಹುಡುಕುತ್ತಿದ್ದೇನೆಂದು ಪೆಟ್ಟಿಗೆ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗಿರಿಜಕ್ಕ ಕನ್ನಡಕ ಏರಿಸಿ, ಪರದೆಗೆ ಮೂಗು ತಾಗುವಷ್ಟು ಬಾಗಿ, ಅಂಚಿನಿಂದ ಅಂಚಿಗೆ ಪ್ರೂಫು ಓದುವಂತೆ ಓದಿದರು. ಇಂಗ್ಲಿಷನ್ನು ಅವರು ಅರ್ಥಕ್ಕಾಗಿ ಕಷ್ಟಪಟ್ಟು ಓದುತ್ತಾರೆ, ಆಕಾರಕ್ಕಾಗಿ ಸಲೀಸಾಗಿ ಓದುತ್ತಾರೆ. ಹುಡುಕು ಪೆಟ್ಟಿಗೆಯ ಕೆಳಗೆ, ನನ್ನ ಕಣ್ಣು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಸಣ್ಣ ಅಕ್ಷರಗಳಲ್ಲಿ, ಎರಡು ಆಯ್ಕೆಗಳಿದ್ದವು. ಒಂದರಲ್ಲಿ ‘ಹೆಸರು ಮಾತ್ರ’ ಎಂಬುದು ಮೊದಲೇ ಗುರುತಾಗಿತ್ತು. ವಿವರಣೆಯಲ್ಲೂ ಹುಡುಕು ಎಂದು ನಾವೇ ಹೇಳಬೇಕಿತ್ತು. ಇನ್ನೊಂದರಲ್ಲಿ ಲಿನಕ್ಸಿನ ಈಗಿನ ಆವೃತ್ತಿಯಷ್ಟೇ ಆಯ್ಕೆಯಾಗಿತ್ತು. ಹಳೆಯ ಆವೃತ್ತಿಗಳು ಅದರಡಿ ಮಡಚಿಕೊಂಡು ಕೂತಿದ್ದವು. ಆ ತಾಣ ಸುಳ್ಳು ಹೇಳಿರಲಿಲ್ಲ. ಒಂದು ಖಾನೆಯಲ್ಲಿ ಕೈಯಾಡಿಸಿ ಮನೆಯಲ್ಲೆಲ್ಲ ಇಲ್ಲವೆಂಬ ಧಾಟಿಯಲ್ಲಿ ಉತ್ತರಿಸಿತ್ತು. ಬೆಳ್ಳಟ್ಟಿಯಲ್ಲಿ ನಾನು ಮಾಡಿದ್ದೂ ಅದನ್ನೇ.

ಗಿರಿಜಕ್ಕ ಒಂದು ಲಗ್ನಪತ್ರಿಕೆಯ ಹಿಂಬದಿಯಲ್ಲಿ ಚೌಕಗಳನ್ನು ಬರೆದರು. ಅಡ್ಡಸಾಲಿಗೆ ನಾಲ್ಕು ಆವೃತ್ತಿಗಳು, ಉದ್ದಸಾಲಿಗೆ ಹೆಸರು ಮತ್ತು ವಿವರಣೆ. ಎಂಟು ಖಾನೆಗಳಾದವು. ನಾನು ಟೈಪಿಸುವುದು, ಅವರು ಪಟ್ಟಿಯನ್ನು ಓದುವುದು, ನೋಡಿ ಮುಗಿದ ಖಾನೆಗೆ ಒಂದು ಅಡ್ಡಗೆರೆ. ಸಾಲು ಬಿಟ್ಟು ಓದುವ ನನ್ನ ಚಾಳಿಯನ್ನು ಅವರು ಎರಡು ಸಲ ಹಿಡಿದರು. “ಪೇಪರ್‌ನೋರ, ತಲಿಬರಹ ಓದಿ ಮುಂದ ಹೋಗಬ್ಯಾಡ್ರಿ. ಇದು ನಿಮ್ಮ ಪೇಪರ್ ಅಲ್ಲ.”

ಆರನೆಯ ಖಾನೆಯಲ್ಲಿ, ಹಿಂದಿನ ಒಂದು ಆವೃತ್ತಿಯ ವಿವರಣೆಗಳ ನಡುವೆ, ಮೂರನೆಯ ಪುಟದ ಕೆಳಭಾಗದಲ್ಲಿ ಅದು ಸಿಕ್ಕಿತು. ನೀವೇ ಬರೆದುಕೊಟ್ಟ ಕೋಷ್ಟಕದ ಪ್ರಕಾರ ಅಕ್ಷರಗಳನ್ನು ಬದಲಿಸುತ್ತದೆ ಎಂದು ಒಂದೇ ಸಾಲಿನ ಪರಿಚಯ. ಅದರ ಹೆಸರಿನಲ್ಲಿ ಅಕ್ಷರವಾಗಲಿ ಕೋಷ್ಟಕವಾಗಲಿ ಪರಿವರ್ತನೆಯಾಗಲಿ ಇರಲಿಲ್ಲ. ಅದು ಯಾವುದೋ ನೀರುಹಕ್ಕಿಯ ಹೆಸರು. ಕೇಳಿ ನಮಗೇನೂ ಅಚ್ಚರಿಯಾಗಲಿಲ್ಲ. ನಮ್ಮ ಕಡೆ ಮೆಣಸಿನಕಾಯಿ ಎಂಬ ಅಡ್ಡಹೆಸರಿನವರು ಬಟ್ಟೆ ಅಂಗಡಿ ಇಟ್ಟಿರುತ್ತಾರೆ, ಬೆಲ್ಲದ ಎಂಬುವರು ಗಣಿತ ಕಲಿಸುತ್ತಾರೆ. ಹೆಸರು ಹಿಡಿದು ಕಸುಬು ಹುಡುಕುವವನು ಗದಗಿನಲ್ಲಿ ಉಪವಾಸವಿರಬೇಕಾಗುತ್ತದೆ.

ಚೀಟಿಯ ಕೊನೆಯಲ್ಲಿ ಆರೈಕೆ ಮಾಡುವವರ ಹೆಸರಿನ ಜಾಗದಲ್ಲಿ, ಸದ್ಯ ಯಾರೂ ಇಲ್ಲ, ಬಯಸುವವರು ಮುಂದೆ ಬರಬಹುದು ಎಂದಿತ್ತು. ಹೊಸ ಆವೃತ್ತಿಗೆ ಅದನ್ನು ಸೇರಿಸದೆ ಬಿಟ್ಟ ಕಾರಣ ಅದು. ಆದರೂ ಯಾರೂ ಅದನ್ನು ಎಸೆದಿರಲಿಲ್ಲ. ಆರೈಕೆಯವರಿಲ್ಲದ ಸರಕನ್ನು, ಆರೈಕೆಯವರಿಲ್ಲವೆಂಬ ಸತ್ಯದ ಸಮೇತ, ಅಪರಿಚಿತರು ಜೋಪಾನವಾಗಿ ಇಟ್ಟುಕೊಂಡಿದ್ದರು. ಬರೆದದ್ದನ್ನು ಹರಿದು ಹಾಕುವ ಎರಡು ಕಸುಬುಗಳ ಪ್ರತಿನಿಧಿಗಳಾದ ನಾವಿಬ್ಬರೂ ಆ ಸಾಲನ್ನು ಎರಡು ಸಲ ಓದಿದೆವು. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಲಭ್ಯವಿಲ್ಲ’ ಎಂಬುದನ್ನು ಹೊಡೆದುಹಾಕಿ, ವೇಳೆ ಬರೆದೆ: ಹನ್ನೆರಡೂವರೆ.

ಬುಧವಾರ ಮಂಜುನಾಥ ಲಕ್ಷ್ಮೇಶ್ವರದಿಂದ ನೇರವಾಗಿ ಬಂದು, ಚೌಕಗಳ ಲಗ್ನಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಅಕ್ಕಾರ, ನಾಳಿಂದ ನನ್ನ ಚೀಲ ನೀವ ಹಿಡೀರಿ. ನಾ ಇಲ್ಲಿ ಲಗ್ನಪತ್ರಿಕಿ ಮಾಡ್ತೀನಿ,” ಎಂದ. “ಮಾಡಪಾ. ಆದ್ರ ಮಾಡಿದ ಮ್ಯಾಲ ವರನ ಹೆಸರು ಇಲ್ರಿ, ಸೈಟನ್ಯಾಗ ಸಿಗಲಿಲ್ಲ ಅನಬ್ಯಾಡ,” ಎಂದರು ಗಿರಿಜಕ್ಕ. ಹಳೆಯ ಆವೃತ್ತಿಯ ಸಾಧನವನ್ನು ಹೊಸ ಆವೃತ್ತಿಯ ಲಿನಕ್ಸಿಗೆ ಹೊಂದಿಸಲು ಅವನಿಗೆ ಮಧ್ಯಾಹ್ನವೆಲ್ಲ ಬೇಕಾಯಿತು.

ಉಳಿದದ್ದು ಕೋಷ್ಟಕ. ಬಾಗಿಲು ಮುಚ್ಚಿದ ಸಂಸ್ಥೆಯ ಅಕ್ಷರಶೈಲಿಯಲ್ಲಿ ಯಾವ ಸಂಖ್ಯೆಗೆ ಯಾವ ಅಕ್ಷರ? ಅದನ್ನು ಬರೆದಿಟ್ಟ ಕಾಗದ ಎಲ್ಲಿಯೂ ಇರಲಿಲ್ಲ. ಗಿರಿಜಕ್ಕ ಕಣ್ಣು ಮುಚ್ಚಿ, ಕೈಗಳನ್ನು ಕೀಲಿಮಣೆಯ ಮೇಲೆ ಇಳಿಬಿಟ್ಟು, ‘ಲಾಳಿ’ ಎಂದು ಟೈಪಿಸಿದರು. ಪರದೆಯ ಮೇಲೆ ಮೂರು ವಿಚಿತ್ರ ಚಿಹ್ನೆಗಳು ಮೂಡಿದವು. ಮೊದಲನೆಯದು ಲಾ, ಕೊನೆಯ ಎರಡು ಸೇರಿ ಳಿ ಎಂದು ಹೇಳಿ ಕೋಷ್ಟಕದ ಮೊದಲ ಸಾಲುಗಳನ್ನು ತುಂಬಿದರು. ತಲೆಗೆ ನೆನಪಿಲ್ಲದ್ದು ಬೆರಳಿಗೆ ನೆನಪಿತ್ತು. ಎರಡು ದಿನ ಹೀಗೆ ನಡೆಯಿತು. ಒತ್ತಕ್ಷರಗಳ ಹತ್ತಿರ ಬೆರಳು ಅನುಮಾನಿಸಿದಾಗ ಅವರು ಕುರ್ಚಿಯಿಂದ ಎದ್ದು, ಗೋಡೆಯ ಕಡೆ ಮುಖ ಮಾಡಿ, ಇಲ್ಲದ ಮರದ ತಟ್ಟೆಯ ಮುಂದೆ ನಿಂತವರಂತೆ ಕೈಯಾಡಿಸಿ, ಮತ್ತೆ ಬಂದು ಕೂರುತ್ತಿದ್ದರು. ಸುದ್ದಿಮೇಜಿನಲ್ಲಿ ವಿಶೇಷಣಗಳನ್ನು ಕಡಿದು ಕಡಿದು ನನ್ನ ಬಳಿ ಅವು ಹೆಚ್ಚು ಉಳಿದಿಲ್ಲ. ಉಳಿದಿರುವುದರಲ್ಲಿ ಒಂದನ್ನು ಇಲ್ಲಿ ಖರ್ಚು ಮಾಡುತ್ತೇನೆ: ಅದು ಭವ್ಯವಾಗಿತ್ತು.

ಶುಕ್ರವಾರ ಮಧ್ಯಾಹ್ನ ಮೊದಲ ಕಡತ ಕನ್ನಡದಲ್ಲಿ ತೆರೆಯಿತು. ಹನುಮವ್ವನನ್ನು ಕರೆಸಿದರು. ಗಿರಿಜಕ್ಕ ಓದುತ್ತ ಹೋದಂತೆ ಮುದುಕಿ ತಲೆದೂಗುತ್ತ, ನಡುನಡುವೆ “ಅದು ಹಂಗಲ್ಲ” ಎನ್ನುತ್ತ ಕೇಳಿದರು. ಎಳೆ ಕಡಿದಾಗ ಹಾಕುವ ಗಂಟಿನ ಮಾತು ಬಂದಾಗ ಕೈಯೆತ್ತಿ ನಿಲ್ಲಿಸಿದರು.

“ಇದು ನಂದಲ್ಲ. ತುಳಸವ್ವ ಅಷ್ಟ ಹಿಂಗ ಅಂತಿದ್ಲು. ನಾ ಅಕಿಗೆ ನಗತಿದ್ದೆ.” ಕೋಲನ್ನು ಬದಿಗಿಟ್ಟು, “ಇನ್ನೊಮ್ಮಿ ಓದು,” ಎಂದರು.

ಗಿರಿಜಕ್ಕ ಇನ್ನೊಮ್ಮೆ ಓದಿದರು.

ಆ ಸಂಜೆ ಗಿರಿಜಕ್ಕನಿಗೆ ಒಂದು ಯೋಚನೆ ಬಂತು. ನಮ್ಮಂತೆ ಇನ್ನಾರೋ ಎಲ್ಲಿಯೋ ಕುಳಿತು ಆ ಪೆಟ್ಟಿಗೆಯನ್ನು ಕೇಳಿ, ಇಲ್ಲ ಎಂಬ ಉತ್ತರ ನಂಬಿ ಎದ್ದು ಹೋಗುತ್ತಿರಬಹುದು. ತಾಣದವರಿಗೆ ತಿಳಿಸಬೇಕು. ಅವರು ಹೇಳಿದರು, ನಾನು ವಾಕ್ಯ ಮಾಡಿದೆ, ಮಂಜುನಾಥ ಮುಂಡರಗಿಯ ಬಸ್ಸಿನಲ್ಲಿ ಕುಳಿತು ಇಂಗ್ಲಿಷಿಗೆ ತಿರುಗಿಸಿ ತಾಣದ ದೂರು ವಿಭಾಗಕ್ಕೆ ಕಳಿಸಿದ. ಸಾರಾಂಶ ಇಷ್ಟು: ಫಲಿತಾಂಶ ಇಲ್ಲ ಎಂದು ಹೇಳುವಾಗ, ಯಾವ ಖಾನೆಯಲ್ಲಿ ನೋಡಿದಿರಿ, ಯಾವುದರಲ್ಲಿ ನೋಡಲಿಲ್ಲ ಎಂಬುದನ್ನೂ ಅದರ ಜೊತೆಗೇ ದೊಡ್ಡ ಅಕ್ಷರದಲ್ಲಿ ಹೇಳಬೇಕು. ಮೂರನೆಯ ದಿನ ದೂರದ ದೇಶದ ಸ್ವಯಂಸೇವಕರೊಬ್ಬರು ಉತ್ತರ ಬರೆದರು. ಧನ್ಯವಾದ, ಈ ತೊಂದರೆ ಖರೆಯದು, ಬಹಳ ಕಾಲದಿಂದ ಹಾಗೇ ಇದೆ, ನನ್ನ ಹಗಲಿನ ಕೆಲಸ ಮುಗಿದ ಮೇಲೆ ಬಿಡುವಿದ್ದಾಗ ನೋಡುತ್ತೇನೆ, ಖಾನೆ ಎಂದರೇನೆಂದು ವಿವರಿಸುವಿರಾ, ಎಂದು. ಗಿರಿಜಕ್ಕ ಮರದ ತಟ್ಟೆಯ ಒಂದು ಚಿತ್ರ ಬರೆದು, ಫೋಟೊ ತೆಗೆಸಿ ಕಳಿಸಿದರು. ತಪ್ಪನ್ನು ತಪ್ಪು ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡ ಆ ಅಪರಿಚಿತನ ಬಗ್ಗೆ ನನಗೆ ಹುಟ್ಟಿದ ಗೌರವದಲ್ಲಿ ಸ್ವಲ್ಪ ಅಸೂಯೆಯೂ ಇತ್ತು. ನಮ್ಮ ತಿದ್ದುಪಡಿಗಳು ಇಂದಿಗೂ ಮೂರನೆಯ ಪುಟದ ಕೆಳಗೇ ಬರುತ್ತವೆ.

ಇಂದು ಸೋಮವಾರ. ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಅದೇ ಕೋಣೆಯಲ್ಲಿ ಕುಳಿತು ಅದೇ ಮೂರು ಪದಗಳನ್ನು ಟೈಪಿಸಿದೆ. ಯಾವ ಫಲಿತಾಂಶವೂ ಇಲ್ಲ ಎಂದು ಬಂತು. ಅದರ ಕೆಳಗೆ ಈ ಹಿಂದೆ ಇರದಿದ್ದ ಒಂದು ಸಾಲಿದೆ: ಈಗಿನ ಆವೃತ್ತಿಯ ಹೆಸರುಗಳಲ್ಲಿ ಮಾತ್ರ ಹುಡುಕಲಾಗಿದೆ. ಅಕ್ಷರ ಇನ್ನೂ ಸಣ್ಣದೇ, ದೂರು ಮುಕ್ತಾಯವಾಗಿಲ್ಲ.

ಹದಿನಾಲ್ಕು ಕಡತಗಳಲ್ಲಿ ಹನ್ನೊಂದು ತೆರೆದಿವೆ, ಮೂರು ಬಾಕಿ ಇವೆ. ತೆರೆದ ಹನ್ನೊಂದರ ಮುದ್ರಿತ ಪ್ರತಿ ತಿದ್ದಿ ಮುಗಿದು ಗಿರಿಜಕ್ಕನ ಮೇಜಿನ ಮೇಲಿದೆ. ಹರಿದಿಲ್ಲ.